ಭೂಕಾಂತ ಬಿರುಗಾಳಿ ಎಚ್ಚರಿಕೆ: ಸುಳ್ಳು ಕರೆಗಳೇ ಹೆಚ್ಚು, ನಿಜವಾದದ್ದು ತಡ. ಮೊದಲು ಏನನ್ನು ಸರಿಪಡಿಸಬೇಕು?

ಪ್ರಶ್ನೆ: ಕಾಂತಸೂಜಿ

ಭೂಮಿಯಿಂದ ಸೂರ್ಯನ ಕಡೆಗಿರುವ ಎಲ್-1 ಬಿಂದುವಿನ ಉಪಗ್ರಹಗಳಿಂದ ಸೌರಮಾರುತದ (ಸೂರ್ಯನಿಂದ ಬೀಸುವ ವಿದ್ಯುದಾವೇಶದ ಕಣಗಳ ಗಾಳಿ) ನಿಮಿಷವಾರು ಡೇಟಾ ತೆಗೆದುಕೊಂಡು, ವಿದ್ಯುತ್ ಜಾಲ ಮತ್ತು ಉಪಗ್ರಹ ನಡೆಸುವವರಿಗೆ ಎಚ್ಚರಿಕೆ ಕಳಿಸುವ ಒಂದು ಸಣ್ಣ ವ್ಯವಸ್ಥೆ ಇದೆ. ನಿಯಮ ಸರಳ: ಬಿ-ಝಡ್ (ಆ ಗಾಳಿ ಹೊತ್ತು ತರುವ ಕಾಂತಕ್ಷೇತ್ರದ ಉತ್ತರ-ದಕ್ಷಿಣ ಅಂಶ, ಋಣವೆಂದರೆ ದಕ್ಷಿಣಕ್ಕೆ) −10 ನ್ಯಾನೊಟೆಸ್ಲಾಗಿಂತ ಕೆಳಗಿಳಿದರೆ ಅಥವಾ ಭೂಕಾಂತ ಕಲಕಾಟದ ಸೂಚ್ಯಂಕವಾದ ಕೆಪಿ ಅಂದಾಜಿನಲ್ಲಿ 5 ಮುಟ್ಟಿದರೆ ಸಂದೇಶ ಹೋಗುತ್ತದೆ. ಏನೂ ಆಗದ ದಿನವೂ ಸಂದೇಶ ಹೋಗುತ್ತಿದೆ. ದೊಡ್ಡ ಬಿರುಗಾಳಿ ಬಂದಾಗ ಮಾತ್ರ ಸಂದೇಶ ತಲುಪುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ನ್ಯೂರಲ್ ನೆಟ್‌ವರ್ಕ್ ಮಾದರಿ ಕಟ್ಟುವ ಯೋಚನೆಯಿದೆ. ಅದಕ್ಕೂ ಮೊದಲು ನೋಡಬೇಕಾದ್ದು ಏನಾದರೂ ಇದೆಯೇ? ಸಿಎಂಇ (ಸೂರ್ಯನಿಂದ ಸಿಡಿದು ಬರುವ ಪ್ಲಾಸ್ಮಾ ಮೋಡ) ಭೂಮಿಗೆ ಯಾವಾಗ ತಲುಪುತ್ತದೆ ಎಂಬುದನ್ನು ಎಷ್ಟು ನಂಬಬಹುದು?

ಉತ್ತರ 1: ಅಲೆಲೆಕ್ಕ

ಮಾದರಿಗೆ ಕೈಹಾಕುವ ಮೊದಲು ಡೇಟಾ ಬರುವ ದಾರಿಯನ್ನು ಒಮ್ಮೆ ಪೂರ್ತಿ ನಡೆದು ನೋಡಿ. ಸುಳ್ಳು ಕರೆಗಳಲ್ಲಿ ಕೆಲವಕ್ಕೆ ಸೂರ್ಯನ ಪಾತ್ರವೇ ಇರುವುದಿಲ್ಲ.

ಮೊದಲನೆಯದು ಖಾಲಿ ಮೌಲ್ಯ. ಅಳತೆ ಸಿಗದ ನಿಮಿಷಗಳಲ್ಲಿ −999.9ರಂಥ ಗುರುತು ತುಂಬಿರುತ್ತದೆ. ಐದು ನಿಮಿಷದ ಸರಾಸರಿಯೊಳಗೆ ಅಂಥದ್ದೊಂದು ನುಸುಳಿದರೆ ಸಾಕು, ಬಿ-ಝಡ್ −200ರ ಆಸುಪಾಸಿಗೆ ಬೀಳುತ್ತದೆ. ಸರಾಸರಿಗೆ ಮೊದಲೇ ಅದನ್ನು ಕಳೆಯಿರಿ. ಹತ್ತು ನಿಮಿಷದಲ್ಲಿ ಕನಿಷ್ಠ ಆರು ಒಳ್ಳೆಯ ಅಳತೆ ಇಲ್ಲದಿದ್ದರೆ ನಿರ್ಧಾರವನ್ನೇ ತಡೆಹಿಡಿಯಿರಿ.

ಎರಡನೆಯದು ನಿರ್ದೇಶಾಂಕ. ಜಿಎಸ್‌ಇ ಮತ್ತು ಜಿಎಸ್‌ಎಂ ಎಂಬ ಎರಡು ನಿರ್ದೇಶಾಂಕ ಪದ್ಧತಿಗಳಲ್ಲೂ ಎಕ್ಸ್ ಅಕ್ಷ ಸೂರ್ಯನ ಕಡೆಗೇ ಇರುತ್ತದೆ, ಆದರೆ ಜಿಎಸ್‌ಎಂ ಭೂಮಿಯ ಕಾಂತಧ್ರುವವನ್ನು ಅನುಸರಿಸಿ ಓಲಾಡುತ್ತದೆ. ಎರಡರ ನಡುವಿನ ಕೋನ ಸುಮಾರು 35 ಡಿಗ್ರಿವರೆಗೂ ಹೋಗಬಹುದು. ಅದೇ ಕ್ಷೇತ್ರದ ಅಡ್ಡ ಅಂಶವಾದ ಬಿ-ವೈ 20 ನ್ಯಾನೊಟೆಸ್ಲಾ ಇದ್ದಾಗ ಜಿಎಸ್‌ಎಂ ಬದಲು ಜಿಎಸ್‌ಇ ಓದಿದರೆ ಬಿ-ಝಡ್‌ನಲ್ಲಿ 11ರಷ್ಟು ದೋಷ ಬರಬಹುದು. ನಿಮ್ಮ ಮಿತಿಯೇ 10!

ಮೂರನೆಯದು ಸಮಯದ ಲೆಕ್ಕ. ಎಲ್-1 ಸುಮಾರು 15 ಲಕ್ಷ ಕಿ.ಮೀ. ದೂರ. ಸೆಕೆಂಡಿಗೆ 400 ಕಿ.ಮೀ. ಗಾಳಿಗೆ 62 ನಿಮಿಷ ಬೇಕು, 800ಕ್ಕೆ 31 ಸಾಕು. 'ಒಂದು ಗಂಟೆ' ಎಂದು ಸ್ಥಿರವಾಗಿ ಬರೆದಿಟ್ಟಿದ್ದರೆ ದೊಡ್ಡ ಬಿರುಗಾಳಿಯ ದಿನವೇ ಅರ್ಧ ಗಂಟೆ ಕಳೆದುಕೊಳ್ಳುತ್ತೀರಿ. ಪ್ರತಿ ನಿಮಿಷದ ಅಳತೆಯನ್ನೂ ಅದರದೇ ವೇಗದಲ್ಲಿ ಮುಂದೂಡಿ. ನಿಧಾನ ಗಾಳಿಯ ಹಿಂದೆ ವೇಗದ ಗಾಳಿ ಬಂದಾಗ ಹಿಂದಿನದು ಮುಂದಿನದನ್ನು ದಾಟಿದಂತೆ ಲೆಕ್ಕ ಬರುತ್ತದೆ. ನಿಜದಲ್ಲಿ ಹಾಗೆ ದಾಟುವುದಿಲ್ಲ, ಒತ್ತಿಕೊಂಡು ಬರುತ್ತದೆ. ಆದ್ದರಿಂದ ದಾಟಿಸಿಕೊಂಡ ಹಳೆಯ ಅಳತೆಗಳನ್ನು ಬಿಟ್ಟುಬಿಡಿ.

ತುಂಬಾ ಜನ ಮರೆಯುವುದು ನಾಲ್ಕನೆಯದನ್ನು. ಪ್ರಬಲ ಪ್ರೋಟಾನ್ ವಿಕಿರಣದಲ್ಲಿ ಪ್ಲಾಸ್ಮಾ ಉಪಕರಣಗಳು ಕುರುಡಾಗಬಹುದು. 2003ರ ಅಕ್ಟೋಬರ್ ಕೊನೆಯ ಬಿರುಗಾಳಿಗಳಲ್ಲಿ ಏಸ್ ಉಪಗ್ರಹದ ಸೌರಮಾರುತ ಉಪಕರಣಕ್ಕೆ ಆದದ್ದು ಇದೇ. ವೇಗ, ಸಾಂದ್ರತೆ ಸಿಗುವುದಿಲ್ಲ, ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಮಾತ್ರ ಓಡುತ್ತಿರುತ್ತದೆ. ಆಗ ವ್ಯವಸ್ಥೆ ಸುಮ್ಮನಾಗಬಾರದು. ಕೊನೆಯ ನಂಬಲರ್ಹ ವೇಗವನ್ನೂ ಸಿಎಂಇಗೆ ಅಂದಾಜಿಸಿದ್ದ ವೇಗವನ್ನೂ ಹೋಲಿಸಿ ಹೆಚ್ಚಿನದನ್ನು ಬಳಸಿ, ಸಂದೇಶದಲ್ಲಿ 'ವೇಗ ಅಂದಾಜು' ಎಂದು ನಮೂದಿಸಿ.

ಇನ್ನು −10ರ ನಿಯಮ. ಬಿ-ಝಡ್ ಎಷ್ಟು ಕೆಳಗಿಳಿಯಿತು ಎಂಬುದರಷ್ಟೇ ಎಷ್ಟು ಹೊತ್ತು ದಕ್ಷಿಣಕ್ಕೆ ತಿರುಗಿತ್ತು ಎಂಬುದೂ ಮುಖ್ಯ. ಸೌರಮಾರುತದಿಂದ ಡಿಎಸ್‌ಟಿಯನ್ನು (ಬಿರುಗಾಳಿಯಲ್ಲಿ ನೆಲದ ಕಾಂತಕ್ಷೇತ್ರ ಎಷ್ಟು ಕುಗ್ಗಿತು ಎಂಬ ಸೂಚ್ಯಂಕ) ಅಂದಾಜಿಸುವ ಬರ್ಟನ್ ಸಮೀಕರಣದ ಓಬ್ರಿಯನ್–ಮ್ಯಾಕ್‌ಫೆರಾನ್ ರೂಪವನ್ನು ಹಾಕಿ ನೋಡಿ, ಹತ್ತು ಸಾಲಿನ ಕೋಡ್. ವೇಗವನ್ನು ದಕ್ಷಿಣದ ಬಿ-ಝಡ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ವಿದ್ಯುತ್ ಕ್ಷೇತ್ರ ಇ, ಮೀಟರಿಗೆ ಮಿಲಿವೋಲ್ಟ್‌ಗಳಲ್ಲಿ. ಅದು 0.49 ದಾಟಿದರೆ ಗಂಟೆಗೆ −4.4 × (ಇ − 0.49) ನ್ಯಾನೊಟೆಸ್ಲಾ ಒಳಹರಿವು. ಕರಗುವ ಕಾಲ 2.40 × ಎಕ್ಸ್‌ಪಿ(9.74 ÷ (4.69 + ಇ)) ಗಂಟೆ. ವೇಗ 600, ಬಿ-ಝಡ್ −15 ಇಟ್ಟರೆ ಇ = 9, ಒಳಹರಿವು ಗಂಟೆಗೆ −37, ಕರಗುವ ಕಾಲ 4.9 ಗಂಟೆ. ಶೂನ್ಯದಿಂದ ಹೊರಟರೆ 20 ನಿಮಿಷದಲ್ಲಿ ಸೌರಮಾರುತದ ಒತ್ತಡದ ಪ್ರಭಾವ ಕಳೆದ ಡಿಎಸ್‌ಟಿ −12 ಮಾತ್ರ, ಮೂರು ಗಂಟೆ ನಿಂತರೆ −84. ನಿಮ್ಮ ಈಗಿನ ನಿಯಮಕ್ಕೆ ಎರಡೂ ಒಂದೇ.

ಉತ್ತರ 2: ಕಿರೀಟದರ್ಶಕ

ಸಿಎಂಇ ತಲುಪುವ ಸಮಯದ ಬಗ್ಗೆ. ಡ್ರ್ಯಾಗ್ (ಸುತ್ತಲಿನ ಸೌರಮಾರುತದ ಎಳೆತ) ಆಧಾರಿತ ಮಾದರಿಯಲ್ಲಿ ಕೈಲೆಕ್ಕ ಮಾಡಿದರೆ ಅನಿಶ್ಚಯ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಾಗುತ್ತದೆ. 20 ಸೌರತ್ರಿಜ್ಯದಲ್ಲಿ ವೇಗ ಸೆಕೆಂಡಿಗೆ 1000 ಕಿ.ಮೀ., ಸುತ್ತಲಿನ ಗಾಳಿ 400, ಡ್ರ್ಯಾಗ್ ಗುಣಾಂಕ ಗಾಮಾ ಕಿ.ಮೀ.ಗೆ 0.2 × 10⁻⁷ ಎಂದಿಟ್ಟರೆ ಅಲ್ಲಿಂದ ಭೂಮಿಗೆ 53 ಗಂಟೆ. ಆರಂಭದ ವೇಗವನ್ನು 1200 ಮಾಡಿ, 48. ಅದನ್ನು 1000ದಲ್ಲೇ ಬಿಟ್ಟು ಗಾಳಿಯನ್ನು 500 ಮಾಡಿ, ಆಗಲೂ 48. ಗಾಮಾ ಒಂದನ್ನೇ 0.5 × 10⁻⁷ ಮಾಡಿದರೆ 65! ಈ ಬದಲಾವಣೆಗಳೆಲ್ಲ ದಿನನಿತ್ಯದ ಅಳತೆಯ ಅನಿಶ್ಚಯದೊಳಗೇ ಇವೆ. ಎನ್‌ಲಿಲ್‌ನಂಥ ಪೂರ್ಣ ಮಾದರಿಗಳಲ್ಲೂ ಸರಾಸರಿ ದೋಷ 10 ಗಂಟೆಯ ಆಸುಪಾಸಿನಲ್ಲಿದೆ. ಹಾಗಾಗಿ ಒಂದೇ ಗಳಿಗೆ ಹೇಳಬೇಡಿ. ಮೂರೂ ಮೌಲ್ಯಗಳನ್ನು ಅವುಗಳ ಅನಿಶ್ಚಯದೊಳಗೆ ಸಾವಿರ ಬಾರಿ ಬದಲಿಸಿ ಓಡಿಸಿ, ಶೇ 10ರಿಂದ 90ರ ನಡುವಿನ ಅವಧಿಯನ್ನು ಕೊಡಿ.

ಭೂಮಿಯತ್ತ ಬರುವ, ಸೂರ್ಯನ ಸುತ್ತ ಉಂಗುರದಂತೆ ಕಾಣುವ ಹೇಲೊ ಸಿಎಂಇಯಲ್ಲಿ ಕರೋನಾಗ್ರಾಫ್‌ಗೆ (ಸೂರ್ಯಬಿಂಬ ಮರೆಮಾಡಿ ಸುತ್ತಲಿನದನ್ನು ನೋಡುವ ದೂರದರ್ಶಕ) ಕಾಣುವುದು ಅದು ಪಕ್ಕಕ್ಕೆ ಹಿಗ್ಗುವ ವೇಗ, ನಮ್ಮತ್ತ ಬರುವ ವೇಗವಲ್ಲ. ಅದಕ್ಕೇ ಪಕ್ಕದ ನೋಟ ಬೇಕು. ಭೂಮಿಗಿಂತ 60 ಡಿಗ್ರಿ ಹಿಂದಿರುವ ಎಲ್-5ರಿಂದ ನೋಡಿದರೆ ನಮ್ಮ ಕಡೆ ತಿರುಗಲಿರುವ ಸೌರಪ್ರದೇಶವೂ ನಾಲ್ಕೈದು ದಿನ ಮೊದಲೇ ಕಾಣುತ್ತದೆ. ಯುರೋಪಿನ ವಿಜಿಲ್ ನೌಕೆ ಅಲ್ಲಿಗೇ ಹೊರಡಲಿದೆ, ಉಡಾವಣೆ 2031ಕ್ಕೆ ಎಂದು ಯೋಜಿಸಿದ್ದಾರೆ. ಸದ್ಯಕ್ಕೆ 1995ರ ಸೋಹೊ ಜೊತೆ 2024ರಲ್ಲಿ ಹಾರಿದ ಗೋಸ್-19ರ ಕರೋನಾಗ್ರಾಫ್ ಕೂಡ ಇದೆ. ಎರಡರಿಂದಲೂ ಬೇರೆಬೇರೆಯಾಗಿ ಅಳೆಯಿರಿ, ಸಾಧ್ಯವಾದರೆ ಇಬ್ಬರು ಬೇರೆ ಬೇರೆಯಾಗಿ ಅಳೆಯಲಿ. ಆ ವ್ಯತ್ಯಾಸವೇ ನಿಮ್ಮ ನಿಜವಾದ ಅನಿಶ್ಚಯ.

ಬಿ-ಝಡ್‌ನ ದಿಕ್ಕು ಮಾತ್ರ ಎಲ್-1 ಮುಟ್ಟುವವರೆಗೂ ಖಚಿತವಾಗಿ ಸಿಗುವುದಿಲ್ಲ. ಎರಡು ದಿನ ಮೊದಲೇ 'ಜಿ4 ಬರುತ್ತದೆ' (ಐದು ಹಂತದ ಬಿರುಗಾಳಿ ಮಾಪಕದ ನಾಲ್ಕನೆಯ ಹಂತ) ಎಂದು ಬರೆಯಬೇಡಿ. ಸಂಭವನೀಯತೆ ಬರೆಯಿರಿ.

ಕಾಂತಸೂಜಿ

ಇಬ್ಬರಿಗೂ ಧನ್ಯವಾದ. ಸಂಯೋಜನೆಯ ಕಡತ ತೆರೆದು ನೋಡಿದೆ, ನಿರ್ದೇಶಾಂಕ ಜಿಎಸ್‌ಇ ಎಂದೇ ಇದೆ. ಇನ್ನೊಂದು ವಿಷಯ: ಪ್ರಯೋಗದ ನ್ಯೂರಲ್ ಮಾದರಿ ಜಿ4 ದಿನಗಳ ವಿಷಯದಲ್ಲಿ ಶೇ 97 ನಿಖರತೆ ತೋರಿಸುತ್ತಿದೆ. ಇದು ಒಳ್ಳೆಯದೇ ಅಲ್ಲವೇ?

ಅಲೆಲೆಕ್ಕ

ಅಮೆರಿಕದ ಹವಾಮಾನ ಸಂಸ್ಥೆ ನೋವಾದ ಮಾಪಕದ ಪ್ರಕಾರ ಒಂದು ಸೌರಚಕ್ರದಲ್ಲಿ ಜಿ4 ದಿನಗಳು ಸುಮಾರು 60. ಚಕ್ರವೆಂದರೆ ಸುಮಾರು 4000 ದಿನ. ದಿನಾ 'ಇಲ್ಲ' ಎಂದು ಹೇಳುತ್ತ ಕೂತರೂ ಶೇ 98.5 ಸರಿ! ನಿಖರತೆಯನ್ನು ಬಿಟ್ಟು, ಹಿಡಿದವು, ತಪ್ಪಿಸಿಕೊಂಡವು, ಸುಳ್ಳು ಕರೆ, ಸರಿಯಾದ ಮೌನ ಈ ನಾಲ್ಕನ್ನೂ ಎಣಿಸಿ ಹೈಡ್ಕೆ ಅಂಕ (ಬರಿ ಊಹೆಗಿಂತ ಎಷ್ಟು ಮೇಲು ಎಂಬುದು) ತೆಗೆಯಿರಿ. ಸಂಭವನೀಯತೆ ಕೊಡುವುದಾದರೆ ಬ್ರಯರ್ ಅಂಕ (ಹೇಳಿದ ಸಂಭವನೀಯತೆಗೂ ನಡೆದದ್ದಕ್ಕೂ ಇರುವ ಅಂತರದ ಅಳತೆ).

ತರಬೇತಿಯಲ್ಲಿ ಮೂರು ಹೊಂಡಗಳಿವೆ. ಓಮ್ನಿ ಎಂಬ ಸೌರಮಾರುತದ ಸಂಗ್ರಹ ಡೇಟಾದಲ್ಲಿ ಕಲಿಸಿದ್ದರೆ ಅದನ್ನು ಆಗಲೇ ಭೂಮಿಯ ಬಿಲ್ಲು ಆಘಾತದವರೆಗೆ (ಸೌರಮಾರುತ ಭೂಮಿಯ ಕಾಂತಕ್ಷೇತ್ರಕ್ಕೆ ಎದುರಾಗಿ ನಿಧಾನವಾಗುವ ಗಡಿ) ಮುಂದೂಡಿರುತ್ತಾರೆ, ಶುದ್ಧ ಮಾಡಿರುತ್ತಾರೆ. ನಿಮಗೆ ನೇರಪ್ರಸಾರದಲ್ಲಿ ಬರುವುದು ಎಲ್-1ರ ಒರಟು ಡೇಟಾ. ಆವತ್ತು ಬಂದದ್ದನ್ನು ಬಂದ ಹಾಗೇ ಕೂಡಿಟ್ಟು ಅದರ ಮೇಲೆ ಪರೀಕ್ಷಿಸಿ. ಸಾಲುಗಳನ್ನು ಯಾದೃಚ್ಛಿಕವಾಗಿ ಹಂಚಿದರೆ ಒಂದೇ ಬಿರುಗಾಳಿಯ ಒಂದು ಗಂಟೆ ತರಬೇತಿಗೆ, ಮುಂದಿನ ಗಂಟೆ ಪರೀಕ್ಷೆಗೆ ಹೋಗುತ್ತದೆ. ಇಡೀ ವರ್ಷಗಳನ್ನೇ ಬೇರ್ಪಡಿಸಿ. ಕೊನೆಯದಾಗಿ, ಮಾದರಿಯ ಗೆರೆಯನ್ನು ನಿಜವಾದ ಗೆರೆಯ ಪಕ್ಕ ಇಟ್ಟು ಹಿಂದೆ ಮುಂದೆ ಸರಿಸಿ ನೋಡಿ. ಮೂರು ಗಂಟೆ ಮುಂಚಿನ ಮುನ್ಸೂಚನೆ ಸರಿಯಾಗಿ ಮೂರು ಗಂಟೆ ಸರಿಸಿದಾಗಲೇ ಚೆನ್ನಾಗಿ ಕೂತರೆ, ಅದು ಈಗಿನ ಮೌಲ್ಯವನ್ನೇ ಮತ್ತೆ ಹೇಳುತ್ತಿದೆ.

ಉತ್ತರ 3: ನೆಲಧಾರೆ

ಕೆಪಿ ಕೇಳುವ ಬಳಕೆದಾರರಿಗೆ ನಿಜವಾಗಿ ಬೇಕಾದದ್ದು ಕೆಪಿ ಅಲ್ಲ. ಅದು ಮೂರು ಗಂಟೆಗೊಂದು ಸಂಖ್ಯೆ, 9ಕ್ಕೆ ನಿಂತುಬಿಡುತ್ತದೆ. ಪಾಟ್ಸ್‌ಡಾಮ್‌ನ ಜಿಎಫ್‌ಝಡ್ ಕೊಡುವ ಎಚ್‌ಪಿ-30 ಅರ್ಧ ಗಂಟೆಯದು, ಮೇಲ್ಮಿತಿಯೂ ಇಲ್ಲ. ಕನಿಷ್ಠ ಅದಕ್ಕೆ ಬದಲಾಯಿಸಿ.

ಕಡಿಮೆ ಎತ್ತರದ ಉಪಗ್ರಹಗಳಿಗೆ ಬೇಕಾದದ್ದು ವಾತಾವರಣದ ಸಾಂದ್ರತೆ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೋದದ್ದು ಸಾಧಾರಣ ಬಿರುಗಾಳಿಯಲ್ಲಿ. ಅವು ಸುಮಾರು 210 ಕಿ.ಮೀ. ಎತ್ತರದಲ್ಲಿದ್ದವು, ಎಳೆತ ಹಿಂದಿನ ಉಡಾವಣೆಗಳಿಗಿಂತ ಶೇ 50ರವರೆಗೆ ಏರಿತ್ತು. ಮಾಪಕದಲ್ಲಿ ಸಣ್ಣದು ಎಂದು ಸಮಾಧಾನದ ಸಂದೇಶ ಕಳಿಸುವುದು ಇಲ್ಲಿ ಅಪಾಯ.

ವಿದ್ಯುತ್ ಜಾಲಕ್ಕೆ ಬೇಕಾದದ್ದು ನೆಲದ ಕಾಂತಕ್ಷೇತ್ರ ಬದಲಾಗುವ ದರ ಮತ್ತು ನೆಲದ ವಾಹಕತೆ. 1989ರ ಮಾರ್ಚ್ 13ರಂದು ಕ್ವಿಬೆಕ್ ಜಾಲ ಸುಮಾರು 90 ಸೆಕೆಂಡುಗಳಲ್ಲಿ ಕುಸಿಯಿತು. ಹಾರ್ಮೋನಿಕ್ಸ್ (ಮೂಲ ಆವರ್ತನದ ಗುಣಕಗಳಲ್ಲಿ ಹುಟ್ಟುವ ಬೇಡದ ಅಲೆಗಳು) ಹೆಚ್ಚಾಗಿ ವೋಲ್ಟೇಜ್ ಹಿಡಿದಿಡುವ ಕಾಂಪೆನ್ಸೇಟರ್‌ಗಳು ಒಂದರ ಹಿಂದೊಂದು ಟ್ರಿಪ್ ಆದವು. ಒಂದೂವರೆ ನಿಮಿಷದ ಘಟನೆಗೆ ಮೂರು ಗಂಟೆಯ ಸೂಚ್ಯಂಕ ಏನು ಮಾಡೀತು? ಸೆಕೆಂಡಿಗೊಂದು ಅಳತೆ ಕೊಡುವ ಫ್ಲಕ್ಸ್‌ಗೇಟ್ ಮ್ಯಾಗ್ನೆಟೋಮೀಟರನ್ನು ವಾಹನ ಓಡಾಡದ ಜಾಗದಲ್ಲಿ, ಕಬ್ಬಿಣವಿಲ್ಲದ ಕಂಬದ ಮೇಲೆ ಕೂರಿಸಿ. ತಾಪಮಾನ ಏರಿಳಿಯದಂತೆ ಮುಚ್ಚಿ, ಪಕ್ಕದಲ್ಲಿ ಉಷ್ಣಮಾಪಕವನ್ನೂ ದಾಖಲಿಸಿ. ಹಗಲು ರಾತ್ರಿಯ ಬಿಸಿಯಿಂದ ಬರುವ ಅಳತೆಯ ಜಾರಾಟ ನಿಜವಾದ ದೈನಿಕ ಬದಲಾವಣೆಯಂತೆಯೇ ಕಾಣುತ್ತದೆ. ಬಿರುಗಾಳಿಯಿಂದ ಜಾಲದೊಳಗೆ ನುಗ್ಗುವ ಪ್ರವಾಹ ಅಳೆಯಲು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ತಂತಿಗೆ ಹಾಲ್ ಸೆನ್ಸರ್ ಹಾಕಿ, 50 ಹರ್ಟ್ಸ್ ಅನ್ನು ಮೊದಲು ಫಿಲ್ಟರ್ ಮಾಡಿ, ಆಮೇಲೆ ಸ್ಯಾಂಪಲ್ ಮಾಡಿ. ತಿರುಗುಮುರುಗಾದರೆ ಇಲ್ಲದ ನಿಧಾನ ಅಲೆಯೊಂದು ದಾಖಲಾಗುತ್ತದೆ.

ಕಾಂತಸೂಜಿ

ಕೊನೆಯ ಸಣ್ಣ ಪ್ರಶ್ನೆ. ಮೌಲ್ಯ ಮಿತಿಯ ಅಕ್ಕಪಕ್ಕದಲ್ಲೇ ಆಡುತ್ತಿದ್ದರೆ ಎಚ್ಚರಿಕೆ, ರದ್ದು, ಮತ್ತೆ ಎಚ್ಚರಿಕೆ ಎಂದು ಸಂದೇಶಗಳು ಸುರಿಯುತ್ತವೆ. ಇದಕ್ಕೇನು ಮಾಡುವುದು?

ನೆಲಧಾರೆ

ಏರುವ ಮಿತಿ ಬೇರೆ, ಇಳಿಯುವ ಮಿತಿ ಬೇರೆ ಇಡಿ. ಉದಾಹರಣೆಗೆ ಲೆಕ್ಕದ ಡಿಎಸ್‌ಟಿ −50ಕ್ಕೆ ಶುರು, −30ಕ್ಕಿಂತ ಮೇಲೆ ಬಂದು ಮೂರು ಗಂಟೆ ನಿಂತರೆ ಮಾತ್ರ ಮುಕ್ತಾಯ. ಎಲ್-1 ಡೇಟಾ ನಿಂತುಹೋದರೆ ಮುಕ್ತಾಯದ ಗಡಿಯಾರವನ್ನೂ ನಿಲ್ಲಿಸಿ, 'ಡೇಟಾ ಇಲ್ಲ' ಎಂದು ಪ್ರತ್ಯೇಕ ಸಂದೇಶ ಕಳಿಸಿ. ಡೇಟಾ ಬರದಿದ್ದುದನ್ನು ಬಿರುಗಾಳಿ ಇಳಿಯಿತೆಂದು ವ್ಯವಸ್ಥೆ ಓದಿಕೊಳ್ಳಬಾರದು.