ಕಾಲಾಣೆಯ ಎರಡೂ ಬದಿಯಲ್ಲಿ ರಾಜನ ಮುಖ: ಟಂಕಸಾಲೆಯ ತಪ್ಪೇ?

ಪ್ರಶ್ನೆ (ಬಸವನಗುಡಿಯಿಂದ):
ಅಜ್ಜಿಯ ಅಡಿಕೆ ಡಬ್ಬಿಯಲ್ಲಿ 1936ರ ಕಂಚಿನ ಕಾಲಾಣೆ ಸಿಕ್ಕಿತು. ಒಂದು ಬದಿಯಲ್ಲಿ ಐದನೇ ಜಾರ್ಜ್ ಎಡಕ್ಕೆ ನೋಡುತ್ತಿದ್ದಾನೆ. ಇನ್ನೊಂದು ಬದಿಯಲ್ಲೂ ಅವನೇ, ಆದರೆ ಬಲಕ್ಕೆ ತಿರುಗಿ, ಒಳಕ್ಕೆ ತಗ್ಗಿದ್ದಾನೆ. ಅಪರೂಪದ್ದೇ?

ಉತ್ತರ (ಮಲ್ಲೇಶ್ವರದಿಂದ):
ಮೊದಲು ಒಂದು ಮಾತು: 1936 ಎಂದು ಹೇಗೆ ತಿಳಿಯಿತು? ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆಯ (ಇನ್ನೂ ಅಚ್ಚಾಗದ ಲೋಹದ ತುಂಡಿನ) ಮೇಲೆ ತನ್ನ ಮುಖವನ್ನೇ ಒತ್ತಿದರೆ ಇಂಥ ತಪ್ಪು ಹುಟ್ಟುತ್ತದೆ. ಆಗ ಇಸವಿಯ ಬದಿಯ ಅಚ್ಚು ಆ ಬಿಲ್ಲೆಯನ್ನು ಮುಟ್ಟುವುದೇ ಇಲ್ಲ. ಇಸವಿ ಕಾಣಬಾರದು.

ಪ್ರಶ್ನೆ ಕೇಳಿದವರು:
ತಗ್ಗಿದ ಮುಖದ ಕೆಳಗೆ 1936 ಮಸುಕಾಗಿ ಕಾಣುತ್ತದೆ, ಸರ್. ಸುತ್ತಲಿನ ಬಳ್ಳಿಯೂ ಚಪ್ಪಟೆಯಾಗಿದೆ.

ಉತ್ತರ (ಮಲ್ಲೇಶ್ವರದಿಂದ):
ಹಾಗಾದರೆ ಅದು ನಂತರದ ಕೆಲಸ. ಪೂರ್ತಿ ಅಚ್ಚಾದ ನಾಣ್ಯದ ಮೇಲೆ ಇನ್ನೊಂದನ್ನಿಟ್ಟು ಸುತ್ತಿಗೆಯಿಂದಲೋ ಇಕ್ಕಳದಲ್ಲೋ ಒತ್ತಿದ್ದಾರೆ. ನಾನೂ ಇಂಥದ್ದೊಂದನ್ನು ದುಡ್ಡು ಕೊಟ್ಟು ಕೊಂಡು ನೊಂದಿದ್ದೇನೆ. ನಿಜವಾದದ್ದರಲ್ಲಿ ತಗ್ಗಿದ ಅಕ್ಷರಗಳೂ ಸಾಮಾನ್ಯವಾಗಿ ಚೂಪಾಗಿರುತ್ತವೆ, ಅಡಿಯಲ್ಲಿ ಹಳೆಯ ಗೆರೆಯ ಸುಳಿವೂ ಇರುವುದಿಲ್ಲ.

ಉತ್ತರ (ಜಯನಗರದಿಂದ):
ದಯವಿಟ್ಟು ಹುಣಸೆಹುಳಿ ಹಾಕಿ ಉಜ್ಜಬೇಡಿ. ನನ್ನ ಬಳಿ ಅಂಚು ಅರ್ಧಚಂದ್ರದಂತೆ ಕತ್ತರಿಸಿಹೋದ ಕಾಲಾಣೆಯಿದೆ. ಅದನ್ನೇನು ಮಾಡಲಿ?

ಉತ್ತರ (ಮಲ್ಲೇಶ್ವರದಿಂದ):
ಕತ್ತರಿಸಿದ ಜಾಗಕ್ಕೆ ನೇರ ಎದುರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ಏಣು (ನಾಣ್ಯದ ಉಬ್ಬಿದ ಅಂಚು) ತೆಳುವಾಗಿ ಕರಗಿದಂತಿದ್ದರೆ, ಅದು ಬಹುಮಟ್ಟಿಗೆ ಟಂಕಸಾಲೆಯದೇ ತಪ್ಪು. ಫೋಟೋ ಹಾಕಿ.