ಕ್ಯಾಂಪಿಗೆ ಕೈಜೋಡಿಸುವ ಮುನ್ನ: ವೀಸಾ, ಬೆರಳಚ್ಚು, ಚಿತ್ರಾನ್ನ

ಊರಲ್ಲಿ ಬೇಸಿಗೆ ಶಿಬಿರ ಎಂದರೆ ಕಬ್ಬನ್ ಪಾರ್ಕಿನ ಬಾಲಭವನ, ರಂಗಾಯಣದ ಚಿಣ್ಣರ ಮೇಳ. ಪರಿಚಯದ ಮೇಷ್ಟ್ರು ಕರೆದರೆ ಹೋಗಿ ನಾಲ್ಕು ಹಾಡು ಹೇಳಿಕೊಟ್ಟು ಬಂದರಾಯಿತು. ಕ್ಯಾಲಿಫೋರ್ನಿಯಾದಲ್ಲಿ ಅಷ್ಟೇ ಕೆಲಸಕ್ಕೂ, ಜೂನ್ ಶಿಬಿರವಾದರೆ ಏಪ್ರಿಲ್‌ನಲ್ಲೇ ಕಾಗದಪತ್ರ ಶುರುಮಾಡಿಕೊಳ್ಳುವುದು ಒಳ್ಳೆಯದು.

ಮೊದಲು ವೀಸಾ. ಇಎಡಿ (ಕೆಲಸ ಮಾಡುವ ಪರವಾನಗಿ ಪತ್ರ) ಇಲ್ಲದ ಎಚ್-4ನವರು, ಅಂದರೆ ಎಚ್-1ಬಿ ನೌಕರರ ಅವಲಂಬಿತರಾಗಿ ಬಂದವರು, ಸ್ವಯಂಸೇವೆ ಮಾಡಬಹುದೇ? ಮಾಡಬಹುದು, ಆದರೆ ಆ ಕೆಲಸ ಯಾರು ಮಾಡಿದರೂ ಸಂಬಳವಿಲ್ಲದ್ದಾಗಿರಬೇಕು. ಹೋದ ವರ್ಷ ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಕೌನ್ಸೆಲರ್ (ಮಕ್ಕಳ ತಂಡ ನೋಡಿಕೊಳ್ಳುವವರು) ಜಾಗಕ್ಕೆ ಈ ವರ್ಷ ನೀವು ಬಿಟ್ಟಿಯಾಗಿ ನಿಂತರೆ ಅನುಮತಿಯಿಲ್ಲದೆ ದುಡಿದಂತೆ. ಲಾಭಕ್ಕಾಗಿ ನಡೆಯುವ ಖಾಸಗಿ ಕ್ಯಾಂಪುಗಳು ಸ್ವಯಂಸೇವಕರನ್ನು ಇಟ್ಟುಕೊಳ್ಳಲು ಕಾರ್ಮಿಕ ಕಾನೂನೇ ಬಿಡುವುದಿಲ್ಲ. ಹೆಚ್ಚಿನವರು ಎಡವುವುದು 'ನೀವು ಬಂದರೆ ನಿಮ್ಮ ಮಗುವಿಗೆ ಫೀಸ್ ಬೇಡ' ಎಂಬ ಮಾತಿಗೆ. ಫೀಸ್ ಮಾಫಿಯನ್ನೂ ಗಿಫ್ಟ್ ಕಾರ್ಡನ್ನೂ ಸಂಬಳವೆಂದು ಲೆಕ್ಕ ಹಾಕುವ ಅಪಾಯವಿದೆ. ಫೀಸ್ ಕಟ್ಟಿಬಿಡಿ. ಅನುಮಾನವಿದ್ದರೆ ವಕೀಲರನ್ನು ಕೇಳಿ, ವಾಟ್ಸಾಪಿನಲ್ಲಿ ಕೇಳಬೇಡಿ.

ಆಮೇಲೆ ಬೆರಳಚ್ಚು. ಕ್ಯಾಲಿಫೋರ್ನಿಯಾದ ಎಬಿ 506 ಕಾನೂನು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಮಕ್ಕಳ ಸಂಸ್ಥೆಯಲ್ಲಿ ತಿಂಗಳಿಗೆ 16 ಗಂಟೆಗಿಂತ, ಇಲ್ಲವೇ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಹೊತ್ತು ಮಕ್ಕಳ ಜೊತೆಗಿರುವ 18 ತುಂಬಿದ ಸ್ವಯಂಸೇವಕರಿಗೆ ಹಿನ್ನೆಲೆ ತಪಾಸಣೆ, ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ ತರಬೇತಿ ಎರಡೂ ಕಡ್ಡಾಯ. 'ಒಂದೇ ವಾರ ತಾನೇ' ಎನ್ನುವವರು ಲೆಕ್ಕ ಹಾಕಿ ನೋಡಲಿ: ಬೆಳಿಗ್ಗೆ 9ರಿಂದ 3, ಐದು ದಿನ, 30 ಗಂಟೆ. ಆ ತಿಂಗಳ ಮಿತಿ ಅಲ್ಲಿಗೇ ದಾಟಿತು.

ಈ ತಪಾಸಣೆಗೆ ಯಂತ್ರದಲ್ಲಿ ಬೆರಳಚ್ಚು ಕೊಡುವುದಕ್ಕೆ ಲೈವ್ ಸ್ಕ್ಯಾನ್ ಎನ್ನುತ್ತಾರೆ; ಅದರ ಫಾರ್ಮನ್ನು ಸಂಸ್ಥೆಯಿಂದಲೇ ಪಡೆಯಿರಿ. ಅದರ ಮೇಲಿನ ಓಆರ್‌ಐ ಕೋಡ್ ನೋಡಿಯೇ ಫಲಿತಾಂಶ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವುದು. ಆದ್ದರಿಂದಲೇ ಶಾಲೆಗೆಂದು ಮಾಡಿಸಿದ್ದು ಕನ್ನಡ ಕೂಟದ ಕ್ಯಾಂಪಿಗೆ ನಡೆಯುವುದಿಲ್ಲ. ಬೆರಳಚ್ಚು ಕೊಟ್ಟ ಮೇಲೆ ನಿಮ್ಮ ಪ್ರತಿ ಜೋಪಾನ. ತಡವಾದರೆ ವಿಚಾರಿಸಲು ಅದರಲ್ಲಿರುವ ಎಟಿಐ ನಂಬರ್ ಬೇಕು.

ನಮ್ಮವರಿಗೆ ಇಲ್ಲಿ ಎರಡು ತೊಡಕು. ಒಂದು ಹೆಸರು. ಸರ್‌ನೇಮ್ ಇಲ್ಲದ ಪಾಸ್‌ಪೋರ್ಟಿನಿಂದ ವೀಸಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್) ಬಂದಿರುತ್ತದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ರೂಪ, ಮದುವೆಗೆ ಮುಂಚಿನ ಹೆಸರು ಮತ್ತೊಂದು. ತೋರಿಸುವ ಗುರುತಿನ ಚೀಟಿಯಲ್ಲಿ ಇರುವಂತೆಯೇ ಬರೆದು, ಉಳಿದ ರೂಪಗಳನ್ನೆಲ್ಲ 'ಇತರ ಹೆಸರುಗಳು' ಜಾಗದಲ್ಲಿ ತುಂಬಿ. ಎರಡನೆಯದು ಸವೆದ ಬೆರಳು. ದಿನಾ ಸ್ಟೀಲ್ ನಾರಿನಲ್ಲಿ ಪಾತ್ರೆ ಉಜ್ಜುವ, ಕೈತೋಟ ಮಾಡುವ ಕೈಗಳಲ್ಲಿ ಗೆರೆ ಸ್ಪಷ್ಟವಾಗಿ ಮೂಡದೆ ಅಚ್ಚು ತಿರಸ್ಕೃತವಾಗಿ ವಾಪಸು ಬರುತ್ತದೆ. ಒಂದು ವಾರ ಮುಂಚಿನಿಂದ ರಾತ್ರಿ ಮಲಗುವಾಗ ಲೋಷನ್ ಹಚ್ಚಿ. ಕೊಡುವ ಹೊತ್ತಿಗೆ ಕೈಯಲ್ಲಿ ಜಿಡ್ಡು ಇರಬಾರದು. ಬೆರಳ ತುದಿಗೆ ಮೆಹಂದಿಯೂ ಬೇಡ.

ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಮಾನದಂಡದಂತೆ ಹಗಲು ಶಿಬಿರದಲ್ಲಿ 6ರಿಂದ 8 ವರ್ಷದ 8 ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು, 9ರಿಂದ 14ರ 10 ಮಕ್ಕಳಿಗೆ ಒಬ್ಬರು. ಲೆಕ್ಕಕ್ಕಿಂತ ಕಷ್ಟ ನಮ್ಮ ಅಭ್ಯಾಸ ಬಿಡುವುದು. ಕೆನ್ನೆ ಹಿಂಡುವುದು, ಅಳುವ ಮಗುವನ್ನು ಒಬ್ಬರೇ ಪಕ್ಕದ ಕೋಣೆಗೆ ಕರೆದೊಯ್ದು ಸಮಾಧಾನ ಮಾಡುವುದು, ತುತ್ತು ಬಾಯಿಗಿಡುವುದು, ಫೋಟೋ ತೆಗೆದು ಅಲ್ಲೇ ಗುಂಪಿಗೆ ಹಾಕುವುದು, ಯಾವುದೂ ಸಲ್ಲದು. ಮಗು ಅತ್ತರೆ ಎಲ್ಲರ ಕಣ್ಣಿಗೆ ಬೀಳುವ ಮೂಲೆಯಲ್ಲಿ, ಇನ್ನೊಬ್ಬ ದೊಡ್ಡವರು ಕಾಣುವಷ್ಟು ದೂರದಲ್ಲಿರುವಂತೆ ಕೂರಿಸಿಕೊಳ್ಳಿ.

ಊಟದ ವಿಷಯಕ್ಕೆ ಬಂದರೆ, ನಿರಪಾಯ ಎಂದು ನಾವೆಲ್ಲ ನಂಬುವ ಚಿತ್ರಾನ್ನವನ್ನೇ ತೆಗೆದುಕೊಳ್ಳಿ. ಒಗ್ಗರಣೆಯಲ್ಲಿ ಶೇಂಗಾ, ಕೆಲವರ ಮನೆಯಲ್ಲಿ ಗೋಡಂಬಿ. ಅದೆರಡನ್ನೂ ಬಿಟ್ಟರೆ ಸಾಕೆಂದುಕೊಂಡರೆ ಇಂಗು ಉಳಿಯಿತು: ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ತುಪ್ಪ ಹಾಲಿನ ಲೆಕ್ಕಕ್ಕೆ ಬರುತ್ತದೆ. ಎಳ್ಳು 2023ರಿಂದ ಅಮೆರಿಕದಲ್ಲಿ ಪೊಟ್ಟಣದ ಮೇಲೆ ನಮೂದಿಸಲೇಬೇಕಾದ ಒಂಬತ್ತನೆಯ ಅಲರ್ಜಿ ಪದಾರ್ಥ, ಹಾಗಾಗಿ ಎಳ್ಳುಂಡೆ, ಎಳ್ಳು ಹಾಕಿದ ಪುಳಿಯೋಗರೆ ಗೊಜ್ಜಿಗೂ ಚೀಟಿ ಅಂಟಿಸಿ. ಪಾತ್ರೆಗೊಂದು ಸೌಟು, ಶೇಂಗಾ ಇರುವ ಪಾತ್ರೆಯ ಸೌಟು ಮೊಸರನ್ನಕ್ಕೆ ಹೋದರೆ ಚೀಟಿ ಇದ್ದೂ ವ್ಯರ್ಥ.

ಎಪಿಪೆನ್ (ತೀವ್ರ ಅಲರ್ಜಿಯಾದಾಗ ಚುಚ್ಚುವ ಔಷಧದ ಪೆನ್ನು) ಇರುವ ಮಗುವಿದ್ದರೆ ಪೆನ್ನು ಮಗುವಿನ ತಂಡದ ಜೊತೆಯಲ್ಲೇ ಓಡಾಡಲಿ. ಕಾರಿನಲ್ಲಿ ಬಿಡಬೇಡಿ, ಅದನ್ನು 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ನೀಲಿ ಮುಚ್ಚಳ ಎಳೆದು, ಕಿತ್ತಳೆ ತುದಿಯನ್ನು ತೊಡೆಯ ಹೊರಭಾಗಕ್ಕೆ ಬಟ್ಟೆಯ ಮೇಲೇ ಒತ್ತಿ, ಟಿಕ್ ಎಂದ ಮೇಲೆ 3 ಸೆಕೆಂಡ್ ಹಾಗೇ ಹಿಡಿದು, ಕೂಡಲೇ 911ಗೆ ಕರೆ. ಚುಚ್ಚಿದ ಗಂಟೆ ಬರೆದಿಡಿ. ಗಾಬರಿಯಲ್ಲಿ ಪೆನ್ನು ತಲೆಕೆಳಗಾಗಿ ಹಿಡಿದು ಸ್ವಂತ ಹೆಬ್ಬೆರಳಿಗೆ ಚುಚ್ಚಿಕೊಳ್ಳುವುದುಂಟು. ತುದಿಗಳ ಮೇಲೆ ಬೆರಳಿಡದೆ ಮುಷ್ಟಿಯಲ್ಲಿ ಹಿಡಿಯಿರಿ. ಅಂದಹಾಗೆ, ಊಟದ ಡಬ್ಬಿಯಲ್ಲಿ ಬಿಡಿ ಡೋಲೋ ಮಾತ್ರೆ ಕಳಿಸಬೇಡಿ. ಮೂಲ ಪೊಟ್ಟಣ, ಬರಹದ ಅನುಮತಿ ಇಲ್ಲದೆ ಸಾಮಾನ್ಯವಾಗಿ ಯಾವ ಕ್ಯಾಂಪೂ ಕೊಡುವುದಿಲ್ಲ.

ಆಟಕ್ಕೆ ಲಗೋರಿ ಒಳ್ಳೆಯದು: ಕಲ್ಲಿನ ಬದಲು ಏಳು ಮರದ ಬಿಲ್ಲೆ, ಟೆನಿಸ್ ಬಾಲ್, ಭುಜದ ಮೇಲಕ್ಕೆ ಎಸೆಯಬಾರದೆಂಬ ನಿಯಮ. ಚೌಕಾಬಾರಕ್ಕೆ ನಾಲ್ಕು ಮಕ್ಕಳಿಗೊಂದು ಮಣೆ; ಒಂದೇ ಮಣೆಯ ಸುತ್ತ ಹತ್ತು ಮಂದಿ ಕೂತರೆ ಆರು ಮಂದಿ ಜಗಳ ಶುರುಮಾಡುತ್ತಾರೆ.

ಸಂಜೆ ಅಜ್ಜ ಕರೆದುಕೊಂಡು ಹೋಗಲು ಬರುವುದಾದರೆ ಅವರ ಹೆಸರು ಪಾಸ್‌ಪೋರ್ಟಿನ ಅಕ್ಷರಗಳಲ್ಲೇ ಪಟ್ಟಿಯಲ್ಲಿರಲಿ, ಕೈಯಲ್ಲಿ ಫೋಟೋ ಇರುವ ಗುರುತಿನ ಚೀಟಿ ಇರಲಿ. ನೀವೇ ಬಾಗಿಲಲ್ಲಿ ನಿಂತಿದ್ದರೆ, 'ಅವರು ನಮ್ಮ ಶಿವಮೊಗ್ಗದವರೇ' ಎಂದು ಮಗುವನ್ನು ಕಳಿಸಬೇಡಿ. ಅಪ್ಪ-ಅಮ್ಮನಿಗೆ ಫೋನ್ ಮಾಡಿ, ಅಜ್ಜನಿಗೆ ಕುರ್ಚಿ ಹಾಕಿ, ಒಂದು ಲೋಟ ನೀರು ಕೊಡಿ.

ಹೈಸ್ಕೂಲು ಮಕ್ಕಳು ಶಾಲೆಗೆ ತೋರಿಸಬೇಕಾದ ಸೇವಾ ಗಂಟೆಗಾಗಿ ಬಂದರೆ ಸಹಾಯಕ್ಕಿರಲಿ, ಆದರೆ 14ರ ಹುಡುಗನನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಬೇಡಿ. ಅವರ ಗಂಟೆಗಳಿಗೆ ಆಯಾ ದಿನವೇ ಸಹಿ ಹಾಕಿ. ಕೊನೆಯ ದಿನ ಒಟ್ಟಿಗೆ ಬರೆಯಲು ಕೂತರೆ ಯಾರು ಮಂಗಳವಾರ ಬಂದಿರಲಿಲ್ಲ ಎಂಬುದು ಯಾರಿಗೂ ನೆನಪಿರುವುದಿಲ್ಲ. ಸ್ವಂತ ಅಪ್ಪ-ಅಮ್ಮ ಹಾಕಿದ ಸಹಿಯನ್ನು ಶಾಲೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.