ಪದಚರ್ಚೆ: ಈ ‘ರಿಲಯಬಲ್’ಗೆ ‘ವಿಶ್ವಾಸಾರ್ಹ’ ಸಾಕಾ?

ಎಲ್ಲರಿಗೂ ನಮಸ್ಕಾರ.

ಸೈಬರ್-ಫಿಸಿಕಲ್ ಸಿಸ್ಟಮ್‌ಗಳ (ಅಂದರೆ ಕಂಪ್ಯೂಟರೂ ಅದು ನಡೆಸುವ ಯಂತ್ರವೂ ಕೂಡಿದ ವ್ಯವಸ್ಥೆಗಳ) ಬಗ್ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಒಂದು ಕನ್ನಡ ಲೇಖನ ಬರೆಯುತ್ತಿದ್ದೇನೆ. ತಲೆಬರಹವೇ ಕೂಡಿಬರುತ್ತಿಲ್ಲ. ‘ಆಟೊಮೇಟೆಡ್ ಡಿಸೈನ್ ಆಫ್ ರಿಲಯಬಲ್ ಕಂಟ್ರೋಲ್ ಸಾಫ್ಟ್‌ವೇರ್’ ಎಂಬುದಕ್ಕೆ ಪದಕ್ಕೆ ಪದ ಇಟ್ಟರೆ ‘ಸ್ವಯಂಚಾಲಿತ ವಿಶ್ವಾಸಾರ್ಹ ನಿಯಂತ್ರಣ ತಂತ್ರಾಂಶ ವಿನ್ಯಾಸ’ ಆಗುತ್ತದೆ. ಇದರಲ್ಲಿ ಸ್ವಯಂಚಾಲಿತ ಯಾವುದು? ನಿಯಂತ್ರಣವೋ, ವಿನ್ಯಾಸವೋ? ತಾನೇ ಬ್ರೇಕ್ ಹಾಕುವ ಕಾರು ಒಂದು ವಿಷಯ. ಆ ಬ್ರೇಕ್ ಹಾಕಿಸುವ ಪ್ರೋಗ್ರಾಮನ್ನು ಮನುಷ್ಯರು ಕೈಯಾರೆ ಬರೆಯದೆ, ಇನ್ನೊಂದು ಪ್ರೋಗ್ರಾಮೇ ರೂಪಿಸಿಕೊಡುವುದು ಬೇರೆಯೇ ವಿಷಯ. ನನ್ನ ಲೇಖನ ಇರುವುದು ಎರಡನೆಯದರ ಬಗ್ಗೆ.

ಅಲ್ಲಿ ಏನು ನಡೆಯುತ್ತದೆ ಅಂತ ಹೇಳದೆ ಸುಮ್ನೆ ಪದ ಕೇಳಿದರೆ ನಿಮಗೂ ಕಷ್ಟ. ಮುಂದಿನ ಕಾರಿನಿಂದ ಅಂತರ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನೇ ತೆಗೆದುಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸುಮಾರು 2.8 ಮೀಟರ್ ಮುಂದೆ ಹೋಗಿರುತ್ತದೆ. ಕಂಪ್ಯೂಟರ್ ಅಷ್ಟು ಹೊತ್ತಿಗೊಮ್ಮೆ ಸೆನ್ಸರ್ ನೋಡುತ್ತದೆ ಅಂದುಕೊಳ್ಳೋಣ. ಎರಡು ನೋಟಗಳ ನಡುವೆ ಕಾರು ನಿಂತು ಕಾಯುವುದಿಲ್ಲ, ಅಲ್ವಾ? ಕಂಪ್ಯೂಟರ್ ಬಿಟ್ಟು ಬಿಟ್ಟು ನೋಡುತ್ತದೆ, ಕಾರು ಎಡೆಬಿಡದೆ ಓಡುತ್ತದೆ. ಎರಡನ್ನೂ ಒಂದೇ ಲೆಕ್ಕಕ್ಕೆ ತರಬೇಕು. ಕಷ್ಟ ಇರುವುದು ಇಲ್ಲೇ.

ಮೊದಲು ಏನು ಬೇಕು, ಏನು ಕೂಡದು ಎಂಬುದನ್ನು ತರ್ಕದ ಭಾಷೆಯಲ್ಲಿ ಬರೆದುಕೊಳ್ಳುತ್ತಾರೆ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅಮೀರ್ ಪ್ನುಯೆಲಿ ಪ್ರೋಗ್ರಾಮ್‌ಗಳ ಅಧ್ಯಯನಕ್ಕೆ ತಂದ ಟೆಂಪೊರಲ್ ಲಾಜಿಕ್ (‘ಯಾವಾಗಲೂ’, ‘ಮುಂದೆ ಎಂದೋ’ ಎಂಬಂಥ ಕಾಲದ ಮಾತುಗಳಿರುವ ತರ್ಕ) ಇದಕ್ಕೆ ಒದಗುತ್ತದೆ. ‘ಅಂತರ ಎಂದೆಂದೂ ಇಷ್ಟಕ್ಕಿಂತ ಕಡಿಮೆ ಆಗಕೂಡದು’ ಎಂಬುದು ಕನ್ನಡದಲ್ಲಿ ಸಲೀಸಾಗಿ ಬರುತ್ತದೆ. ಅದರ ಜೊತೆಯ ‘ಇವೆಂಚುಯಲಿ’ ಹಾಗಲ್ಲ. ‘ಎಂದಾದರೂ’ ಅಂದರೆ ಆಗದೆಯೂ ಇರಬಹುದು ಎಂಬ ಅನುಮಾನ ಉಳಿಯುತ್ತದೆ. ಹಾಗಾಗಿ ‘ದಾರಿ ತೆರವಾಗಿದ್ದರೆ ಒಂದಲ್ಲ ಒಂದು ಹೊತ್ತಿಗೆ ಬೇಕಾದ ವೇಗ ಮುಟ್ಟಲೇಬೇಕು’ ಎಂದು ಬರೆದುಕೊಂಡಿದ್ದೇನೆ.

ಆಮೇಲೆ ಅಂತರ, ವೇಗ ಎರಡನ್ನೂ ಚದುರಂಗದ ಹಾಸಿನಂತೆ ಪುಟ್ಟ ಪುಟ್ಟ ಮನೆಗಳಾಗಿ ವಿಂಗಡಿಸುತ್ತಾರೆ. ಯಾವ ಮನೆಯಲ್ಲಿದ್ದರೆ ಎಷ್ಟು ಬ್ರೇಕ್ ಒತ್ತಿದರೂ ಅಂತರ ಉಳಿಯುವುದಿಲ್ಲವೋ ಆ ಮನೆಯನ್ನು ಹೊಡೆದುಹಾಕುತ್ತಾರೆ. ಬ್ರೇಕ್ ಒತ್ತುವುದು, ವೇಗ ಹೆಚ್ಚಿಸುವುದು ಮುಂತಾದ ಯಾವ ನಡೆ ನಡೆದರೂ ಅಂಥ ಮನೆಗೆ ಬೀಳುವ ಅಪಾಯ ತಪ್ಪದ ಮನೆಗಳೂ ಹೋಗುತ್ತವೆ. ಹೊಡೆಯಲು ಇನ್ನೇನೂ ಇಲ್ಲ ಎನ್ನುವವರೆಗೂ ಇದೇ ಕೆಲಸ. ಕೊನೆಗೆ ಉಳಿದ ಒಂದೊಂದು ಮನೆಗೂ ಅಪಾಯವಿಲ್ಲದ ನಡೆ ಒಂದಾದರೂ ಇರುತ್ತದೆ. ಯಾವ ಮನೆಗೆ ಯಾವ ನಡೆ ಎಂಬ ಆ ಪಟ್ಟಿಯೇ ನಿಯಂತ್ರಕ. ಅಂತರ ಕಾಯುತ್ತದೆ ಎಂಬ ಸಾಬೀತು ಅದರ ಜೊತೆಗೇ ಬಂದಿರುತ್ತದೆ.

ಈಗ ನನ್ನ ಮುಖ್ಯ ಪ್ರಶ್ನೆ. ‘ವಿಶ್ವಾಸಾರ್ಹ’, ‘ನಂಬಲರ್ಹ’ ಎಂಬ ಪದಗಳು ನಂಬುವವರ ಕಡೆಯಿಂದ ಹುಟ್ಟಿದವು. ಬಳಸಿ ನೋಡಿದೆವು, ಕೈಕೊಡಲಿಲ್ಲ, ಅದಕ್ಕೇ ನಂಬುತ್ತೇವೆ ಎನ್ನುವ ಅರ್ಥವೇ ಜಾಸ್ತಿ. ಆ ಅರ್ಥದ ನಂಬಿಕೆ ಸಾಲದು ಎನ್ನುವುದಕ್ಕೆ ಏರಿಯಾನ್ 5 ರಾಕೆಟ್ ಇದೆ. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ತಂತ್ರಾಂಶದ ಭಾಗವನ್ನು ಅದಕ್ಕೂ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಹೆಚ್ಚು. ಅದರಿಂದಾಗಿ 64 ಬಿಟ್‌ನ ಸಂಖ್ಯೆಯೊಂದು 16 ಬಿಟ್‌ನಲ್ಲಿ ಹಿಡಿಸದೆ ಹೋಯಿತು. 1996ರ ಜೂನ್ 4ರ ಆ ಮೊದಲ ಹಾರಾಟ ಸುಮಾರು 40 ಸೆಕೆಂಡಿಗೆ ಸ್ಫೋಟದಲ್ಲಿ ಮುಗಿಯಿತು.

ಅದಕ್ಕೇ ನನಗೆ ‘ಖಾತ್ರಿ’ ಕಡೆ ಒಲವು. ಖಾತ್ರಿ ಅಂದ ಕೂಡಲೇ ‘ಯಾವುದರ ಖಾತ್ರಿ, ಯಾವ ಷರತ್ತಿಗೆ?’ ಎಂದು ಕೇಳಬೇಕೆನಿಸುತ್ತದೆ. ಈ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಬ್ರೇಕ್ ಇಷ್ಟು ಹಿಡಿಯುತ್ತದೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿದ್ದು ಒದ್ದೆ ರಸ್ತೆಯಲ್ಲಿ ಸುಳ್ಳಾದರೆ ಆ ಸಾಬೀತು ನಿಲ್ಲುವುದಿಲ್ಲ. ‘ದೋಷರಹಿತ’ ಎಂಬ ಸಲಹೆಯೂ ಬಂದಿತ್ತು. ಅದು ಕೊಡಲಾಗದ ಮಾತು ಕೊಡುತ್ತದೆ, ಬೇಡ.

‘ಸೈಬರ್’ ವಿಷಯ ಚಿಕ್ಕದು. 2006ರ ಹೊತ್ತಿಗೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನಲ್ಲಿದ್ದ ಹೆಲೆನ್ ಗಿಲ್ ‘ಸೈಬರ್-ಫಿಸಿಕಲ್ ಸಿಸ್ಟಮ್’ ಎಂಬ ಹೆಸರು ಬಳಕೆಗೆ ತಂದರು. ‘ಸೈಬರ್’ ಹುಟ್ಟಿದ ಮೂಲ ಗ್ರೀಕ್ ಪದಕ್ಕೆ ಚುಕ್ಕಾಣಿ ಹಿಡಿಯುವವನು ಎಂದು ಅರ್ಥ. ನಮ್ಮ ಓದುಗರಿಗೆ ಸೈಬರ್ ಅಂದರೆ ಆನ್‌ಲೈನ್ ವಂಚನೆ. ಆದರೂ ‘ಸೈಬರ್-ಭೌತಿಕ ವ್ಯವಸ್ಥೆ’ ಎಂದೇ ಇಟ್ಟು, ಮೊದಲ ಪುಟದಲ್ಲಿ ವಿವರಿಸುವುದು ವಾಸಿ ಅನ್ನಿಸುತ್ತದೆ.

ಸದ್ಯದ ನನ್ನ ತಲೆಬರಹ: ‘ಖಾತ್ರಿಯುಳ್ಳ ನಿಯಂತ್ರಣ ತಂತ್ರಾಂಶವನ್ನು ಕಂಪ್ಯೂಟರಿನಿಂದಲೇ ರೂಪಿಸುವುದು’. ಉದ್ದವಾಯಿತು, ಆದರೆ ಯಾವುದು ತಾನಾಗಿ ಆಗುತ್ತದೆ ಎಂಬ ಗೊಂದಲ ಇಲ್ಲ. ಇದನ್ನು ಮೊಟಕು ಮಾಡುವ ದಾರಿ ಇದೆಯಾ? ಇನ್ನೊಂದು, ಈ ಕೆಲಸದ ಹೆಸರೇ ಆದ ‘ಸಿಂಥೆಸಿಸ್’ಗೆ ಏನು ಹೇಳುವುದು? ‘ಸಂಶ್ಲೇಷಣೆ’ ಅಂದರೆ ಕೂಡಿಸುವುದು. ಇಲ್ಲಿ ನಡೆಯುವುದು ಕಳೆಯುತ್ತಾ ಹೋಗಿ ಉಳಿದದ್ದನ್ನು ಪಡೆಯುವುದು. ಇದಕ್ಕೆ ಒಪ್ಪುವ ಕ್ರಿಯಾಪದವನ್ನು ಯಾರಾದರೂ ಬರಹದಲ್ಲೋ ಪಾಠದಲ್ಲೋ ಬಳಸಿದ್ದರೆ, ಬಳಸಿದ ವಾಕ್ಯವನ್ನೂ ಜೊತೆಗೆ ಕೊಡಿ.